ಹದಿನಾಲ್ಕನೇ ಮನೆಯ ಹೆಬ್ಬಾತು

ಮಾರ್ಚ್ 4

ಸಂಘದ ಕಾರ್ಯದರ್ಶಿಗಳಿಗೆ,

ನಿಮ್ಮ ನೋಟೀಸು ಬಾಗಿಲ ಕೆಳಗಿಂದ ತೂರಿ ಬಂತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ದೂರಾಗಲಿ ಉತ್ತರವಾಗಲಿ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ, ಕಾಗದದಲ್ಲೇ ಬರೆದು ತಾರೀಖು ಹಾಕಿ ಸಹಿ ಮಾಡಿ ಮೆಟ್ಟಿಲ ಕೆಳಗಿನ ಹಸಿರು ಡಬ್ಬಿಗೆ ಹಾಕಬೇಕು ಎಂದು ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ಅವರ ಕೈಗೆ ಸೂಜಿ ಕೊಟ್ಟು ನೂರು ಗುಂಡಿ ಹೊಲಿಸಬೇಕು. ಆಗ ಗೊತ್ತಾಗುತ್ತದೆ, ಕೈಗೆ ಬಾರದ ಕೆಲಸ ಮಾಡಿಸುವುದು ಅಂದರೆ ಏನು ಅಂತ.

ನೀವು ಬರೆದಿರುವ ಹಾಗೆ ನನ್ನ ಮನೆಯಲ್ಲಿ ಬಾತುಕೋಳಿ ಇಲ್ಲ. ಇರುವುದು ಹೆಬ್ಬಾತು. ಬಾತುಕೋಳಿಗೂ ಹೆಬ್ಬಾತಿಗೂ ವ್ಯತ್ಯಾಸ ಗೊತ್ತಿಲ್ಲದವರು ಅದನ್ನು ಓಡಿಸಲು ಹೊರಟಿದ್ದೀರಿ. ಅದರ ಹೆಸರು ಮೇಸ್ತ್ರಿ. ಕೈ ಹಿಂದೆ ಕಟ್ಟಿಕೊಂಡು ತಪ್ಪು ಹುಡುಕುತ್ತಾ ತಿರುಗುವವರ ನಡಿಗೆ ಅದರದು, ಅದಕ್ಕೇ ಆ ಹೆಸರು.

"ಬೆಳಗಿನ ಜಾವ ಕರ್ಕಶವಾಗಿ ಕೂಗಿ ನಿವಾಸಿಗಳ ನೆಮ್ಮದಿಗೆ ಭಂಗ ತರುತ್ತಿದೆ" ಎಂದು ಬರೆದಿದ್ದೀರಿ. ಹಸಿ ಸುಳ್ಳು. ಎಂಟು ವರ್ಷದಿಂದ ಅದರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೇನೆ, ಒಂದು ದಿನವೂ ನನಗೆ ಎಚ್ಚರವಾಗಿಲ್ಲ.

ನಾಯಿ, ಬೆಕ್ಕು, ಮೀನು, ಪಂಜರದ ಹಕ್ಕಿ, ಇಷ್ಟೇ ಸಾಕಬಹುದು ಅಂತ ಪಟ್ಟಿ ಬೇರೆ. ಹಾಗಾದರೆ ಬಿ ಬ್ಲಾಕಿನ ಬ್ಯಾಂಕಿನವಳು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುವ ಮೊಳದುದ್ದದ ಹಲ್ಲಿ ಇದರಲ್ಲಿ ಯಾವುದು? ನಾಯಿಯೋ ಮೀನೋ?

ಎ ಬ್ಲಾಕ್, ಹದಿನಾಲ್ಕನೇ ಮನೆ
(ಸಹಿ ಯಾರದೆಂದು ನಿಮಗೆ ಹೇಳಬೇಕಾಗಿಲ್ಲ.)


ಮಾರ್ಚ್ 9

ಎ ಬ್ಲಾಕ್, ಮನೆ ಸಂಖ್ಯೆ 14ರ ನಿವಾಸಿಗಳಿಗೆ,

ತಮ್ಮ ಪತ್ರ ತಲುಪಿದೆ. ಬಿ ಬ್ಲಾಕಿನ ಸರೀಸೃಪಕ್ಕೆ ಅದರ ಮಾಲೀಕರು ಅರ್ಜಿ ಸಲ್ಲಿಸಿ ಅನುಮತಿ ಪಡೆದಿದ್ದಾರೆ. ತಮ್ಮಿಂದ ಈವರೆಗೆ ಅರ್ಜಿ ಬಂದಿಲ್ಲ.

ತಮ್ಮ ಹೆಬ್ಬಾತಿನ ಬಗ್ಗೆ ಮೂರು ದೂರುಗಳಿವೆ. ಮೂರೂ ತಮ್ಮ ಪಕ್ಕದ ಮನೆಯ, ಡ್ರೈವಿಂಗ್ ಶಾಲೆ ನಡೆಸುವ ನಿವಾಸಿಯವು. ಅವರ ಮನೆಯಲ್ಲಿ ಐದು ತಿಂಗಳ ಮಗುವಿದೆ. ಇದೇ 22ರಂದು ಸಂಜೆ ಸಭೆ ಇದೆ. ತಾವು ಖುದ್ದಾಗಿ ಬಂದು ಉತ್ತರಿಸಬೇಕು.

ನಿಯಮ ಹನ್ನೊಂದರ ಕಡೆ ತಮ್ಮ ಗಮನ ಸೆಳೆಯಬಯಸುತ್ತೇನೆ. ನಿವಾಸಿಯ ದಿನನಿತ್ಯದ ಬದುಕಿಗೆ ಒಂದು ಪ್ರಾಣಿ ಅಗತ್ಯವಾಗಿದ್ದರೆ, ಅದು ಪಟ್ಟಿಯಲ್ಲಿ ಇಲ್ಲದಿದ್ದರೂ ಸಂಘ ಅನುಮತಿ ಕೊಡಬಹುದು. ಅಗತ್ಯವೇನೆಂಬುದನ್ನು ನಿವಾಸಿಯೇ ತಮ್ಮ ಕೈಯಿಂದ ಬರೆದು ಸಹಿ ಮಾಡಬೇಕು. ಬೇರೆಯವರು ಬರೆದದ್ದು ನಡೆಯುವುದಿಲ್ಲ.

ಕಾರ್ಯದರ್ಶಿ


ಮಾರ್ಚ್ 14

ಜಡೆ,

ತಾವು ಗೀವು ಎಲ್ಲ ಸಾಕು ಮಾಡು. ನಿನ್ನ ಅಕ್ಷರ ನನಗೆ ಗೊತ್ತಿಲ್ಲವೇ? ಇಪ್ಪತ್ತೆರಡು ವರ್ಷ ನೇಯ್ಗೆ ಗಿರಣಿಯಲ್ಲಿ ಎದುರುಬದುರು ಮಗ್ಗ ನಡೆಸಿದವರು ನಾವು. ನಿನ್ನ ಜಡೆ ಮಗ್ಗದ ಪಟ್ಟಿಗೆ ಸಿಕ್ಕಿಕೊಳ್ಳದ ಹಾಗೆ ದಿನಾ ಬೆಳಗ್ಗೆ ಎತ್ತಿ ಕಟ್ಟಿದವಳು ನಾನು. ಈಗ ಕೂದಲು ಕತ್ತರಿಸಿಕೊಂಡು ಕಾರ್ಯದರ್ಶಿ ಆಗಿದ್ದೀಯ. ಆಗು. ಗಿರಣಿಯವರು ಕೆಲಸಗಾರರಿಗೆಂದು ಕಟ್ಟಿಸಿದ ಮನೆಗಳಿವು. ಈಗ ನಮ್ಮವರು ಅಂತ ಉಳಿದಿರುವುದು ನಾವಿಬ್ಬರೇ, ಅಂಗಳದ ಆ ಕಡೆ ನೀನು, ಈ ಕಡೆ ನಾನು. ಎಂಟು ವರ್ಷ ಮಾತಿಲ್ಲ ಕತೆಯಿಲ್ಲ. ಈಗ ಮಾತಾಡಿಸಿದೆ, ಅದೂ ನಿಯಮ ಹನ್ನೊಂದರ ಬಾಯಲ್ಲಿ!

ನಿನಗೆ ಗೊತ್ತಿರುವುದನ್ನೇ ನನ್ನ ಕೈಯಲ್ಲಿ ಬರೆಸಬೇಕೆಂಬ ಹಟ ಯಾಕೆ? ಮೇಸ್ತ್ರಿ ಯಾಕೆ ಬೇಕು ಅಂತ ನಿನಗೆ ಗೊತ್ತು. ಬಾಗಿಲು ಬಡಿದರೆ ಅದು ಕತ್ತು ಎತ್ತುತ್ತದೆ, ನಾನು ಎದ್ದು ಬಾಗಿಲು ತೆಗೆಯುತ್ತೇನೆ. ಪ್ಯಾಂಟು ಗಿಡ್ಡ ಮಾಡಿಸಲು, ಜಿಪ್ ಹಾಕಿಸಲು ಬಂದವರು ಬಾಗಿಲಲ್ಲೇ ನಿಂತು ವಾಪಸು ಹೋಗುವುದಿಲ್ಲ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತೇನೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಅದಕ್ಕೆ ಈ ಮೆಟ್ಟಿಲ ಮೇಲೆ ನನಗೆ ಜಂಬಗಾತಿ ಅಂತ ಹೆಸರು. ಇರಲಿ. ಜಂಬಗಾತಿ ಅನ್ನಿಸಿಕೊಳ್ಳುತ್ತೇನೆ, ಇನ್ನೊಂದು ಅನ್ನಿಸಿಕೊಳ್ಳುವುದಿಲ್ಲ.

ಆ ಇನ್ನೊಂದು ಮಾತನ್ನು ನಾನು ಬರೆಯುವುದಿಲ್ಲ. ಬರೆದು ಸಹಿ ಮಾಡಿ ಡಬ್ಬಿಗೆ ಹಾಕಿ, ಅದನ್ನು ನೀನು ಎಲ್ಲರ ಮುಂದೆ ಓದಿ, ಎಲ್ಲರೂ ನನ್ನ ಕಡೆ ತಿರುಗಿ "ಅಯ್ಯೋ ಪಾಪ" ಅನ್ನುವುದು ಬೇಡ.

ಗಿರಣಿ ಮುಚ್ಚಿದ ದಿನ ಗೇಟಿನ ಮುಂದೆ ನಿನಗೆ ಏನು ಹೇಳಿದೆನೋ ಅದನ್ನೂ ವಾಪಸು ತೆಗೆದುಕೊಳ್ಳುವುದಿಲ್ಲ. ನನ್ನ ಕಿವಿ ಹೋಗಲು ನೀನೇ ಕಾರಣ.

ಸಭೆಗೆ ಬರುವುದಿಲ್ಲ. ಹೊಲಿಗೆ ಇದೆ.

ನಾನೇ


ಮಾರ್ಚ್ 24

ಎ ಬ್ಲಾಕ್, ಮನೆ ಸಂಖ್ಯೆ 14ರ ನಿವಾಸಿಗಳಿಗೆ,

22ರ ಸಭೆಗೆ ತಾವು ಬರಲಿಲ್ಲ. ಅರ್ಜಿಯೂ ಬಂದಿಲ್ಲ. ಏಪ್ರಿಲ್ 3ರಿಂದ ಏಳು ದಿನ ಹೆಬ್ಬಾತನ್ನು ಆವರಣದಿಂದ ಹೊರಗಿಟ್ಟು ನೋಡುವುದೆಂದು ಸಭೆ ತೀರ್ಮಾನಿಸಿದೆ. ಅಷ್ಟು ದಿನ ಶಾಂತಿಯಿದ್ದು, ತಮಗೂ ತೊಂದರೆಯಾಗದಿದ್ದರೆ ಅದನ್ನು ಶಾಶ್ವತವಾಗಿ ಬೇರೆಡೆಗೆ ಕಳಿಸಬೇಕಾಗುತ್ತದೆ.

ಕಾರ್ಯದರ್ಶಿ

ಅಕ್ಕ, ಇಲ್ಲಿಂದ ಕೆಳಗೆ ಬರೆಯುವುದು ಸಂಘದ್ದಲ್ಲ. ನಿನ್ನ ಪಕ್ಕದ ಮನೆಯ ಆ ಹುಡುಗ ಸುಳ್ಳು ಹೇಳುತ್ತಿಲ್ಲ. ಮೇಸ್ತ್ರಿ ಕೂಗುತ್ತದೆ. ದಿನಾ ಬೆಳಗ್ಗೆ ಐದಕ್ಕೆ, ಹಾಲಿನ ಗಾಡಿ ಗೇಟಿಗೆ ಬಂದ ಕೂಡಲೇ. ಬಿ ಬ್ಲಾಕಿನ ಮೂರನೇ ಮಹಡಿಯಲ್ಲಿ ಮಲಗಿರುವ ನನಗೇ ಎದೆ ಹಾರುತ್ತದೆ. ಇಷ್ಟು ವರ್ಷ ಯಾರೂ ನಿನಗೆ ಹೇಳಲಿಲ್ಲ, ನಿನ್ನ ಬಾಯಿಗೆ ಹೆದರಿ. ನಾನೂ ಹೇಳಲಿಲ್ಲ.


ಮಾರ್ಚ್ 29

ಜಡೆ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ನೋಡಿಯೇ ಬಿಡೋಣ ಅನ್ನಿಸಿತು. ಬೆಳಗ್ಗೆ ನಾಲ್ಕೂ ಮುಕ್ಕಾಲಿಗೆ ಎದ್ದು ಮೇಸ್ತ್ರಿಯ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು ಅದರ ಕತ್ತಿನ ಮೇಲೆ ಅಂಗೈ ಇಟ್ಟುಕೊಂಡೆ. ಕಿಟಕಿಯ ಮೇಲೆ ಗಾಡಿಯ ಬೆಳಕು ಹಾದು ಹೋಯಿತು. ಅಷ್ಟೇ. ನನ್ನ ಕೈಯಡಿಯಲ್ಲಿ ಆ ಕತ್ತು ಓಡುವ ಮಗ್ಗದ ಚೌಕಟ್ಟಿನ ಹಾಗೆ ನಡುಗಿತು. ಮೊಣಕೈವರೆಗೂ ಬಂತು ನಡುಕ. ಎಷ್ಟು ಹೊತ್ತು ಅಂತೀಯ! ನಿಲ್ಲಿಸಲೇ ಇಲ್ಲ.

ನಿಜ ಹೇಳಿದವರನ್ನು ಸುಳ್ಳುಗಾರರು ಅಂದೆ. ಆ ಡ್ರೈವಿಂಗ್ ಹುಡುಗನಿಗೆ ಮೆಟ್ಟಿಲ ಮೇಲೆ ಅಡ್ಡ ನಿಂತು "ನಿನಗೆ ಕ್ಲಚ್ ಒತ್ತಿ ಒತ್ತಿ ತಲೆ ಕೆಟ್ಟಿದೆ" ಅಂದಿದ್ದೆ. ಅವನು ಏನು ಹೇಳಿದನೋ ಗೊತ್ತಿಲ್ಲ. ನಾನು ಮುಖ ತಿರುಗಿಸಿದ್ದೆ, ತುಟಿ ಕಾಣಲಿಲ್ಲ.

ಮೇಸ್ತ್ರಿಯನ್ನು ಪಕ್ಕದ ರಸ್ತೆಯ ಹೂಗಿಡದ ನರ್ಸರಿಯಲ್ಲಿ ಏಳು ದಿನ ಬಿಡುತ್ತೇನೆ. ನರ್ಸರಿಯವನ ಕೋಟಿಗೆ ಲೈನಿಂಗ್ ಬಟ್ಟೆ ಹಾಕಿಕೊಟ್ಟಿದ್ದೆ, ಆ ದಾಕ್ಷಿಣ್ಯಕ್ಕೆ ಒಪ್ಪಿದ್ದಾನೆ. "ನನ್ನ ಗಿಡ ತಿಂದರೆ?" ಅಂದ. "ತಿಂದರೆ ಇನ್ನೊಂದು ಕೋಟು ತಾ" ಅಂದೆ.

ಅರ್ಜಿ ಬರೆಯುತ್ತೇನೆ ಅಂತ ಮಾತ್ರ ಕಾಯಬೇಡ.

ನಾನೇ


ಏಪ್ರಿಲ್ 8

ಅಕ್ಕ,

ಇದೂ ಸಂಘದ ಕಾಗದವಲ್ಲ.

ಮೊನ್ನೆ ಮಧ್ಯಾಹ್ನ ಬಾಲ್ಕನಿಗೆ ಬಂದಾಗ ನಿನ್ನ ಅಡುಗೆಮನೆಯ ಕಿಟಕಿಯಿಂದ ಹೊಗೆ ಬರುತ್ತಿತ್ತು. ನೀನು ಹೊರಗಿನ ಕೋಣೆಯಲ್ಲಿ ಮೆಷಿನ್ ಮುಂದೆ ಕೂತಿದ್ದೆ, ಅಡುಗೆಮನೆಗೆ ಬೆನ್ನು ಮಾಡಿ. ನಾನು ಕೂಗಿದೆ. ಕೂಗಿ ಏನು ಪ್ರಯೋಜನ ಅಂತ ಗೊತ್ತಿದ್ದೂ ಕೂಗಿದೆ. ಒಗೆದ ಹಾಸುಬಟ್ಟೆ ಎಳೆದು ಗಾಳಿಯಲ್ಲಿ ಬೀಸಿದೆ, ನೀನು ತಲೆ ಎತ್ತಲಿಲ್ಲ. ಮೂರು ಮಹಡಿ ಇಳಿದು ಅಂಗಳ ದಾಟಿ ನಿನ್ನ ಬಾಗಿಲಿಗೆ ಬರುವಷ್ಟರಲ್ಲಿ ಮೆಟ್ಟಿಲ ತುಂಬ ಜನ. ಎಲ್ಲರೂ ಬಾಗಿಲು ಬಡಿಯುತ್ತಿದ್ದರು. "ಒಳಗೇ ಇದ್ದಾಳೆ, ಬೇಕಂತಲೇ ತೆಗೀತಿಲ್ಲ" ಅಂದಳು ಬ್ಯಾಂಕಿನವಳು. ಆ ಡ್ರೈವಿಂಗ್ ಹುಡುಗ ಯಾರ ಮಾತೂ ಕೇಳಲಿಲ್ಲ, ಮಗುವನ್ನು ನನ್ನ ಕೈಗೆ ಕೊಟ್ಟು ತನ್ನ ಬಾಲ್ಕನಿಯಿಂದ ನಿನ್ನ ಬಾಲ್ಕನಿಗೆ ಹಾರಿದ.

ಒಳಗೆ ಹೋಗಿ ಸ್ಟೌ ಆರಿಸಿ, ಕರಕಲಾದ ಕುಕ್ಕರ್ ಎತ್ತಿ ತೊಟ್ಟಿಗೆ ಹಾಕಿ, ನೀರು ಬಿಟ್ಟು ಕಿಟಕಿಗಳನ್ನೆಲ್ಲ ತೆಗೆದನಂತೆ. ಇಷ್ಟೆಲ್ಲ ಆಗುವಾಗಲೂ ನೀನು ಯಾವುದೋ ಸಮವಸ್ತ್ರದ ಕಾಲು ಮಡಿಚಿ ಹೊಲಿಯುತ್ತಾ ಕೂತಿದ್ದೆಯಂತೆ. ಹೆಗಲು ಮುಟ್ಟಿದ ಮೇಲೇ ತಿರುಗಿದ್ದು. ತಿರುಗಿದವಳು ಅವನ ಕೆನ್ನೆಗೆ ಒಂದು ಬಿಟ್ಟೆ. ಅದನ್ನು ಅವನೇ ಹೇಳಿದ, ಕೆನ್ನೆ ಸವರಿಕೊಳ್ಳುತ್ತಾ.

ಆಮೇಲೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಆಂಟೀ, ಅವರಿಗೆ ಕಿವಿ ಕೇಳಿಸಲ್ವಾ?" ಅಂತ ಕೇಳಿದ.

"ಅವರನ್ನೇ ಕೇಳಪ್ಪ" ಅಂದೆ.

"ನಿಮಗೆ ಗೊತ್ತಲ್ವಾ?"

"ಗೊತ್ತಿದ್ದರೂ ನಾನು ಹೇಳಲ್ಲ."

ಅವನು ನನ್ನನ್ನು ಒಂಥರಾ ನೋಡಿ ಹೋದ. ಅವನ ಹತ್ತಿರ ಹೇಳದ ಕಾರಣವನ್ನು ನಿನಗೆ ಹೇಳುತ್ತೇನೆ. ನಿನಗೂ ಈವರೆಗೆ ಹೇಳಿಲ್ಲ.

ಗಿರಣಿಗೆ ಕಿವಿ ಪರೀಕ್ಷೆಯ ಡಾಕ್ಟರು ಬಂದಿದ್ದು ನೆನಪಿದೆಯಾ? ಗಿರಣಿ ಮುಚ್ಚುವುದಕ್ಕೆ ಒಂಬತ್ತು ವರ್ಷ ಮೊದಲು. ಹತ್ತನೇ ಕ್ಲಾಸು ಓದಿದವಳು ಅಂತ ನನ್ನನ್ನು ಹೆಸರು ಬರೆದುಕೊಳ್ಳಲು ಕೂರಿಸಿದ್ದರು. ನೀನು ಕಿವಿಗೆ ಆ ಬಟ್ಟಲು ಹಾಕಿಕೊಂಡು ಕೂತೆ, ಶಬ್ದ ಕೇಳಿದಾಗ ಕೈ ಎತ್ತಬೇಕಿತ್ತು. ಡಾಕ್ಟರ ಹಿಂದೆ ಕೂತಿದ್ದ ನನಗೆ ಪೆಟ್ಟಿಗೆಯ ಕೆಂಪು ದೀಪ ಕಾಣುತ್ತಿತ್ತು. ದೀಪ ಹತ್ತಿದಾಗಲೆಲ್ಲ ನಾನು "ಈಗ" ಅಂತ ಬರೀ ತುಟಿಯಲ್ಲಿ ಹೇಳಿದೆ, ನಮ್ಮ ಮಗ್ಗದ ಮಾತಿನಲ್ಲಿ. ನೀನು ಕೈ ಎತ್ತಿದೆ. ಒಂದೂ ತಪ್ಪಲಿಲ್ಲ. "ಎಷ್ಟು ಒಳ್ಳೆ ಕಿವಿ!" ಅಂದರು ಡಾಕ್ಟರು. ಇನ್ನೊಂಬತ್ತು ವರ್ಷ ನೀನು ಆ ಗದ್ದಲದಲ್ಲೇ ನಿಂತೆ, ಉಳಿದಿದ್ದಷ್ಟೂ ಹೋಯಿತು. ಮುಚ್ಚುವ ಮುಂಚೆ ಪರಿಹಾರಕ್ಕೆಂದು ಇನ್ನೊಮ್ಮೆ ಪರೀಕ್ಷೆ ಮಾಡಿದವರು ಹಳೆಯ ಕಾಗದ ನೋಡಿ, "ಚೆನ್ನಾಗೇ ಕೇಳಿಸುತ್ತಿತ್ತಲ್ಲ, ನಾಟಕವಾ?" ಅಂದರು. ಗಿರಣಿ ಮುಚ್ಚಿದ ದಿನ ಗೇಟಿನ ಮುಂದೆ ನೀನು ನನಗೆ ಹೇಳಿದ ಮಾತು ಇಡೀ ಪಾಳಿಗೆ ಕೇಳಿಸಿತು. ನಿನಗೊಬ್ಬಳಿಗೇ ಅದು ಕೇಳಿಸಿರಲಿಕ್ಕಿಲ್ಲ, ಎಷ್ಟು ಜೋರಾಗಿತ್ತು ಅಂತ.

ನೀನು ಹೇಳಿದ್ದು ನಿಜವೇ ಅಂದುಕೊಂಡು ಬದುಕಿದ್ದೇನೆ. ಅದಕ್ಕೇ ಈಗ ನಿನ್ನ ಅರ್ಜಿಯನ್ನು ನಾನು ಬರೆಯುವುದಿಲ್ಲ. ಆ ಹುಡುಗನಿಗೂ ನಿನ್ನ ಬದಲು ಹೇಳುವುದಿಲ್ಲ. ಒಂದು ಸಲ ನಿನ್ನ ಉತ್ತರವನ್ನು ನಾನು ಹೇಳಿಕೊಟ್ಟೆ, ಅದರ ಫಲ ಇಬ್ಬರೂ ಉಂಡಿದ್ದೇವೆ. ಇನ್ನೊಮ್ಮೆ ಆಗದು. ಸಾಕಾಗಿದೆ ನನಗೆ.

ಮೇಸ್ತ್ರಿ ಮನೆಯಲ್ಲಿ ಇದ್ದಿದ್ದರೆ ಕುಕ್ಕರ್ ಕೂಗಿದ ಕೂಡಲೇ ನಿನ್ನ ಸೆರಗು ಕಚ್ಚಿ ಎಳೆಯುತ್ತಿತ್ತು ಅಲ್ಲವಾ? ಅದನ್ನು ಬರಿ. ಅಷ್ಟೇ ಬರೆದರೆ ಸಾಕು.

ಜಡೆ


ಏಪ್ರಿಲ್ 17

ಜಡೆ,

ಒಂಬತ್ತು ದಿನ ಆಯಿತು ನಿನ್ನ ಕಾಗದ ಬಂದು. ಮೂರು ಸಲ ಬರೆದು ಹರಿದೆ. ಹೊಲಿಗೆಯಾದರೆ ಬಿಚ್ಚಿ ಮತ್ತೆ ಹಾಕಬಹುದು, ಕಾಗದವನ್ನು ಹರಿಯುವುದೊಂದೇ ದಾರಿ.

ನೆಗಡಿಯಾಗಿ ಮೂಗು ಕಟ್ಟಿತ್ತು, ಇಲ್ಲದಿದ್ದರೆ ವಾಸನೆಯಾದರೂ ಬರುತ್ತಿತ್ತು. ಆಲೂಗಡ್ಡೆ ಇಟ್ಟಿದ್ದೆ. ಮೇಸ್ತ್ರಿ ಇದ್ದಾಗ ಅದು ಮೂರು ಸಲ ಸೆರಗು ಎಳೆದರೆ ಆಲೂಗಡ್ಡೆ ಬೆಂದಿದೆ ಅಂತ. ಅವತ್ತು ಯಾರೂ ಎಳೆಯಲಿಲ್ಲ, ಬೆಂದಿಲ್ಲ ಅಂದುಕೊಂಡು ಹೊಲಿಯುತ್ತಲೇ ಇದ್ದೆ. ಮನೆಯಲ್ಲಿ ಮೇಸ್ತ್ರಿ ಇಲ್ಲ ಅನ್ನುವುದೇ ಮರೆತುಹೋಗಿತ್ತು. ಎಂಥ ತಲೆ ನನ್ನದು!

ಈಗ ಅಸಲು ಮಾತು.

ನೀನು ಬರೆದಿದ್ದರಲ್ಲಿ ಒಂದು ಮಾತು ಬಿಟ್ಟಿದ್ದೀಯ. ಮರೆತು ಬಿಟ್ಟೆಯೋ, ನನ್ನ ಮಾನ ಉಳಿಯಲಿ ಅಂತ ಬಿಟ್ಟೆಯೋ ಗೊತ್ತಿಲ್ಲ. ಪರೀಕ್ಷೆಯ ಹಿಂದಿನ ದಿನ ಕೈ ತೊಳೆಯುವ ನಲ್ಲಿಯ ಹತ್ತಿರ ನಿನ್ನ ರಟ್ಟೆ ಹಿಡಿದು, "ನಾಳೆ ನನಗೆ ಹೇಳಿಕೊಡು" ಅಂದವಳು ನಾನು. ನೀನು "ಬೇಡ ಅಕ್ಕ" ಅಂದೆ. "ನೀನು ಹೇಳಿಕೊಡದಿದ್ದರೆ ಇನ್ನು ನಿನ್ನ ಜಡೆ ಮುಟ್ಟಲ್ಲ" ಅಂದೆ. ನಲವತ್ತು ದಾಟಿದ ಹೆಂಗಸಿಗೆ ಜಡೆಯ ಬೆದರಿಕೆ ಹಾಕಿದೆ ನೋಡು. ಅದಕ್ಕೆ ನೀನು ಹೆದರಿದೆ.

ಗೇಟಿನ ಮುಂದೆ ನಾನು ಅಂದಿದ್ದು ಸುಳ್ಳು. ಮೊನ್ನೆ ಮೊನ್ನೆ ಮಾರ್ಚ್ ತಿಂಗಳಲ್ಲಿ ಬರೆದಿದ್ದೂ ಸುಳ್ಳು. ನಿನ್ನ ಮೇಲೆ ಹಾಕದಿದ್ದರೆ ನನ್ನ ಮೇಲೇ ಹಾಕಿಕೊಳ್ಳಬೇಕಿತ್ತು, ಅಷ್ಟು ಶಕ್ತಿ ಇರಲಿಲ್ಲ.

ಯಾಕೆ ಕೇಳಿದೆ ಅಂತ ನೀನು ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ. ಫೇಲಾದವರನ್ನು ಮಗ್ಗದಿಂದ ತೆಗೆದು ಗುಡಿಸುವ ವಿಭಾಗಕ್ಕೆ ಹಾಕುತ್ತಿದ್ದರು. ಅಲ್ಲಿ ಎಲ್ಲರೂ ಬೆನ್ನು ಬಗ್ಗಿಸಿ ನೆಲ ನೋಡುತ್ತಾ ಮಾತಾಡುತ್ತಾರೆ. ಮಗ್ಗದ ಸಾಲಿನಲ್ಲಾದರೆ ಯಾರಿಗೂ ಏನೂ ಕೇಳಿಸುವುದಿಲ್ಲ, ಮುಖ ನೋಡಿಕೊಂಡೇ ಮಾತು. ನೀನು ಆ ಸಾಲಿನಿಂದ ಹೇಳಿದ ಹಾಸ್ಯಕ್ಕೆ ನಾನು ಈ ಸಾಲಿನಲ್ಲಿ ನಕ್ಕು ನೂಲು ಕಡಿದುಕೊಳ್ಳುತ್ತಿದ್ದೆ. ಅಲ್ಲಿ ನಾನು ಕಿವುಡಿ ಆಗಿರಲಿಲ್ಲ. ಆ ಜಾಗ ಬಿಡಲು ಆಗಲಿಲ್ಲ, ಅಷ್ಟೇ. ಕಿವಿ ಹೋದರೆ ಹೋಗಲಿ ಅಂದುಕೊಂಡೆ. ಹೋಯಿತು.

ಆಮೇಲೆ ನಾನೇ ಹೋಗಿ ಕಿವಿಯ ಮೆಷಿನ್ನು ಹಾಕಿಸಿಕೊಂಡು ನೋಡಿದ್ದೆ, ನಿನಗೆ ಗೊತ್ತಿಲ್ಲ. ಮಾತು ಒಂದೂ ತಿಳಿಯಲಿಲ್ಲ, ಬರೀ ಗಿರಣಿಯ ಮೊರೆತ. ತೆಗೆದು ಗುಂಡಿಯ ಡಬ್ಬಿಗೆ ಹಾಕಿದೆ.

ಅರ್ಜಿ ಇದರ ಜೊತೆಗಿದೆ. ತಪ್ಪಿದ್ದರೆ ತಿದ್ದಬೇಡ.

ನಾನೇ


ಏಪ್ರಿಲ್ 17

ಸಂಘಕ್ಕೆ,

ನಿಯಮ ಹನ್ನೊಂದರ ಪ್ರಕಾರ ಅರ್ಜಿ.

ನನಗೆ ಕಿವಿ ಕೇಳಿಸುವುದಿಲ್ಲ. ಎರಡೂ ಕಿವಿ.

ನನ್ನ ಹೆಬ್ಬಾತು ಗಿರಣಿಯ ಕಾವಲುಗಾರ ಕೊಟ್ಟಿದ್ದು. ಗೋದಾಮಿನ ಅಂಗಳದಲ್ಲಿ ಕಳ್ಳರು ಬಂದರೆ ಕೂಗಲೆಂದು ಹೆಬ್ಬಾತುಗಳನ್ನು ಸಾಕಿದ್ದ, ಗಿರಣಿ ಮುಚ್ಚಿದಾಗ ಉಳಿದಿದ್ದ ಒಂದು ಮರಿ ನನಗೆ ಕೊಟ್ಟ. ಬಾಗಿಲು ಬಡಿದರೆ ಕತ್ತು ಎತ್ತುತ್ತದೆ. ಕುಕ್ಕರ್ ಕೂಗಿದರೆ ಸೆರಗು ಎಳೆಯುತ್ತದೆ. ನಲ್ಲಿ ತೆರೆದಿದ್ದರೆ ಹೋಗಿ ಬಚ್ಚಲಲ್ಲಿ ನಿಲ್ಲುತ್ತದೆ. ನಾನು ಅದಕ್ಕೆ ಏನೂ ಕಲಿಸಿಲ್ಲ, ಅದೇ ನನಗೆ ಕಲಿಸಿದ್ದು.

ಬೆಳಗ್ಗೆ ಕೂಗುವುದು ನಿಜ. ನನಗೆ ಗೊತ್ತಿರಲಿಲ್ಲ. ಅದಕ್ಕೆ ಉಪಾಯ ಮಾಡುತ್ತಿದ್ದೇನೆ.

ಅದು ಇಲ್ಲದಿದ್ದರೆ ನಾನು ಒಬ್ಬಳೇ ಈ ಮನೆಯಲ್ಲಿ ಇರಲು ಆಗುವುದಿಲ್ಲ. ಏಪ್ರಿಲ್ 6ರಂದು ನೀವೇ ನೋಡಿದ್ದೀರಿ.

ಎ ಬ್ಲಾಕ್, ಹದಿನಾಲ್ಕನೇ ಮನೆ


ಏಪ್ರಿಲ್ 24

ಅಕ್ಕ,

ಅರ್ಜಿ ಬಂತು. ತಿದ್ದಿಲ್ಲ.

ಸಭೆ ಮೇ 3ರಂದು, ಸಂಜೆ ನಾಲ್ಕಕ್ಕೆ, ಕೆಳಗಿನ ಸಭಾಂಗಣದಲ್ಲಿ. ಈ ಸಲ ಹೊಲಿಗೆಯ ನೆಪ ಬೇಡ. ಅಧ್ಯಕ್ಷರು ಪ್ರಶ್ನೆ ಕೇಳುತ್ತಾರೆ, ಸದಸ್ಯರೂ ಕೇಳುತ್ತಾರೆ. ಉತ್ತರ ನೀನೇ ಹೇಳಬೇಕು. ಮೊದಲ ಸಾಲಿನಲ್ಲಿ, ಬಲಗಡೆಯಿಂದ ಮೂರನೇ ಕುರ್ಚಿಯಲ್ಲಿ ಕೂತುಕೋ. ಅಲ್ಲೇ ಕೂರಬೇಕು, ಬೇರೆ ಕಡೆ ಬೇಡ. ಕನ್ನಡಕ ಮರೆಯಬೇಡ.

ಮೇಸ್ತ್ರಿಯನ್ನು ನರ್ಸರಿಯಿಂದ ಕರೆತಂದೆಯಂತೆ, ಒಳ್ಳೆಯದಾಯಿತು. ಸಭೆಗೆ ಮಾತ್ರ ತರಬೇಡ. ತರುವವಳೇ ನೀನು.

ನಲ್ಲಿಯ ಹತ್ತಿರದ ಮಾತನ್ನು ನಾನು ಮರೆತಿರಲಿಲ್ಲ.

ಜಡೆ


ಮೇ 4

ಎ ಬ್ಲಾಕ್, ಮನೆ ಸಂಖ್ಯೆ 14ರ ನಿವಾಸಿಗಳಿಗೆ,

ತಮ್ಮ ಅರ್ಜಿಯನ್ನು ನಿಯಮ ಹನ್ನೊಂದರ ಅಡಿಯಲ್ಲಿ ಹತ್ತೊಂಬತ್ತರಲ್ಲಿ ಹನ್ನೊಂದು ಮತಗಳಿಂದ ಅಂಗೀಕರಿಸಲಾಗಿದೆ. ಸದರಿ ಹೆಬ್ಬಾತು ಬದುಕಿರುವವರೆಗೆ ಮನೆಯಲ್ಲಿರಬಹುದು. ಅದರ ನಂತರ ಇನ್ನೊಂದನ್ನು ತರಬೇಕಾದರೆ ಹೊಸ ಅರ್ಜಿ ಬೇಕು. ಬೆಳಗಿನ ಆರು ಗಂಟೆಯವರೆಗೆ ಅದರ ಬುಟ್ಟಿಗೆ ಹೊದಿಕೆ ಇರತಕ್ಕದ್ದು.

ಕಾರ್ಯದರ್ಶಿ


ಮೇ 5

ಜಡೆ,

ನಿನ್ನ ಇರತಕ್ಕದ್ದು ಬರತಕ್ಕದ್ದು ತಲುಪಿತು. ಹೊದಿಕೆ ಹಾಕಿದ್ದೇನೆ. ಹಳೇ ಕಂಬಳಿ ನಾಲ್ಕು ಪದರ ಮಾಡಿ, ನಡುವೆ ಹತ್ತಿ ತುಂಬಿ, ಗಾಳಿಗೆ ಕೆಳಗೆ ಜಾಗ ಬಿಟ್ಟು ಹೊಲಿದೆ. ಕತ್ತಲಿದ್ದರೆ ಬೆಳಗಾಗಿಲ್ಲ ಅಂದುಕೊಂಡು ಸುಮ್ಮನಿರುತ್ತದೆ. ಎರಡು ದಿನದಿಂದ ಐದಕ್ಕೆ ಕತ್ತಿನ ಮೇಲೆ ಕೈ ಇಟ್ಟು ನೋಡಿದೆ. ನಡುಕ ಇಲ್ಲ. ಹುಡುಗ ನಿನ್ನೆ ಒಂದು ಪ್ಯಾಂಟು ತಂದಿದ್ದ, ಕಾಲು ಒಂದಿಂಚು ಜಾಸ್ತಿ ಅಂತ. ಅಳೆದರೆ ಸರಿಯಾಗೇ ಇತ್ತು. ಏನೋ ಒಂದು ನೆಪ. ಅವನ ಕೆನ್ನೆಗೆ ಹೊಡೆದ ಕೈಯಲ್ಲೇ ಅದರ ಅಂಚು ಬಿಚ್ಚಿ ಹಾಗೇ ಮತ್ತೆ ಹೊಲಿದು ಕೊಟ್ಟೆ.

ಸಭೆಯಲ್ಲಿ ನೀನೂ ಇದ್ದೆ. ಆದರೂ ನನ್ನ ಕುರ್ಚಿಯಿಂದ ಅದು ಹೇಗೆ ಕಂಡಿತು ಅಂತ ನಿನಗೆ ಗೊತ್ತಿಲ್ಲ.

ಅಧ್ಯಕ್ಷರು ಎದ್ದು ನಿಂತಾಗಲೇ ನನ್ನ ಜೀವ ಬಾಯಿಗೆ ಬಂತು. ಹಲ್ಲಿನ ಡಾಕ್ಟರಂತೆ, ಅಂಥ ಮೀಸೆ ಯಾಕೆ ಬಿಡಬೇಕು? ಪೊರಕೆ ಕಟ್ಟಿಕೊಂಡ ಹಾಗೆ! ತುಟಿ ಎಲ್ಲಿದೆ ಅಂತಲೇ ಕಾಣಲಿಲ್ಲ. ಮೀಸೆ ಅಲ್ಲಾಡಿತು, ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಪ್ರಶ್ನೆ ಬಂದಿದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ. ಎದ್ದು ಹೋಗಿಬಿಡೋಣ ಅಂತ ಕುರ್ಚಿ ಹಿಂದಕ್ಕೆ ತಳ್ಳಿದೆ.

ಆಗ ಅವರ ಪಕ್ಕದಲ್ಲಿ ಬರೆಯುತ್ತಾ ಕೂತಿದ್ದ ನೀನು ತಲೆ ಎತ್ತಿದೆ. ಸರಿಯಾಗಿ ನನ್ನ ಎದುರಿಗೆ. ಬಾಯಿ ಅಗಲ ಮಾಡಿ, ದನಿ ಇಲ್ಲದೆ, ಮಗ್ಗದ ಮಾತಿನಲ್ಲಿ ಹೇಳಿದೆ: "ಎಷ್ಟು ವರ್ಷದಿಂದ ಕೇಳಿಸಲ್ಲ ಅಂತ ಕೇಳ್ತಿದ್ದಾರೆ." ಹೇಳಿ ತಲೆ ತಗ್ಗಿಸಿದೆ.

ಉತ್ತರ ಹೇಳಿಕೊಡಲಿಲ್ಲ. ಬರೀ ಪ್ರಶ್ನೆ.

"ಚೆನ್ನಾಗಿ ಕೇಳಿಸದೆ ಹದಿನೇಳು ವರ್ಷ, ಏನೇನೂ ಕೇಳಿಸದೆ ಎಂಟು" ಅಂದೆ. ಎಷ್ಟು ಜೋರಾಗಿ ಅಂದೆನೋ, ಪಕ್ಕದಲ್ಲಿ ಕೂತವರು ಬೆಚ್ಚಿದರು. ಆಮೇಲೆ ಒಂದಾದ ಮೇಲೊಂದು. ಮೆಷಿನ್ನು ಯಾಕೆ ಹಾಕಲ್ಲ? ಹೇಳಿದೆ. ನಾಯಿ ಸಾಕಬಹುದಲ್ಲ? "ಈ ವಯಸ್ಸಲ್ಲಿ ಹೊಸ ಗಂಡ ಕಟ್ಟಿಕೊಳ್ಳಿ ಅಂದ ಹಾಗಾಯ್ತು" ಅಂದೆ. ಎಲ್ಲರ ಭುಜ ಕುಣಿಯಿತು, ನಗುತ್ತಿದ್ದಾರೆ ಅಂತ ಗೊತ್ತಾಯಿತು. ಹುಡುಗ ಎದ್ದು, ಹೊದಿಕೆ ಹಾಕಿದ ಮೇಲೂ ಕೂಗಿ ಮಗು ಎದ್ದರೆ ಏನು ಮಾಡ್ತೀರಿ ಅಂದ. ಅವನ ತುಟಿ ನನಗೇ ಕಾಣಿಸಿತು, ನೀನು ಬೇಕಾಗಲಿಲ್ಲ. "ತಂದು ನನ್ನ ಪಕ್ಕ ಮಲಗಿಸು. ಎಷ್ಟು ಬೇಕಾದರೂ ಅಳಲಿ, ನನಗೇನೂ ತೊಂದರೆಯಿಲ್ಲ" ಅಂದೆ.

ಕೊನೆಗೆ ಬ್ಯಾಂಕಿನವಳು ಎದ್ದಳು. ನನ್ನ ಬೆನ್ನ ಹಿಂದೆ ಎಲ್ಲೋ. ನೀನು ಪೆನ್ನು ಕೆಳಗಿಟ್ಟೆ. ಆಮೇಲೆ ಹೇಳಿದೆ: "ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿರಿ?"

ಜಡೆ, ಆಗ ನಾನು ನಿನ್ನ ಮುಖವನ್ನೇ ನೋಡಿದೆ. ಕೆಂಪು ದೀಪದ ದಿನ ನೋಡಿದ ಹಾಗೆ. ಹೇಳಿಕೊಡು ಅಂತ. ನೀನು ತುಟಿ ಬಿಗಿಯಾಗಿ ಮುಚ್ಚಿಕೊಂಡೆ. ನಿನ್ನ ಕಣ್ಣು ತುಂಬಿತ್ತು, ಆದರೂ ತುಟಿ ಬಿಡಲಿಲ್ಲ. ಆ ಕ್ಷಣ ನಿನ್ನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ!

"ನಾಚಿಕೆ" ಅಂದೆ. ಅಷ್ಟೇ ಇದ್ದಿದ್ದು. ಬಾಯಿಂದ ಹೊರಗೆ ಬಂದ ಮೇಲೆ ನೋಡಿದರೆ ಇಷ್ಟೇ ಇಷ್ಟು ಸಣ್ಣ ಮಾತು. ಅದನ್ನು ಹೊತ್ತು ಸುಸ್ತಾದೆ. ನಿನ್ನನ್ನೂ ಸುಸ್ತು ಮಾಡಿದೆ.

ಸಿಟ್ಟು ಈಗ ಇಲ್ಲ. ನೀನು ಹೇಳಿಕೊಟ್ಟಿದ್ದರೆ ಬಹುಶಃ ಇರುತ್ತಿತ್ತು.

ಒಂದು ಕೆಲಸ ಉಳಿದಿದೆ. ಹೆಬ್ಬಾತು ಇಪ್ಪತ್ತು ವರ್ಷ ಬದುಕುತ್ತದೆ ಅಂತ ಕಾವಲುಗಾರ ಹೇಳಿದ್ದ. ಮೇಸ್ತ್ರಿಗೆ ಎಂಟು, ನನಗೆ ಎಪ್ಪತ್ತೊಂದು. ಅದು ನನಗಿಂತ ಮುಂಚೆ ಹೋಗುವ ಹಾಗೆ ಕಾಣುವುದಿಲ್ಲ. ನಾನಿಲ್ಲದ ಮೇಲೆ ಅದು ನಿನ್ನ ಹತ್ತಿರ ಇರಲಿ. ನಿನ್ನ ಕಿವಿ ಚೆನ್ನಾಗಿದೆ, ನಿನಗೆ ಅದರ ಅಗತ್ಯವಿಲ್ಲ, ನಿಯಮ ಹನ್ನೊಂದು ನಿನಗೆ ನಡೆಯುವುದಿಲ್ಲ. ಕಾರ್ಯದರ್ಶಿಯೇ ನೀನು, ಏನಾದರೂ ದಾರಿ ಹುಡುಕಿಕೋ.

ಇನ್ನು ಕಾಗದ ಬರೆಯಬೇಡ. ಅಕ್ಷರ ಕೂಡಿಸಿ ಕೂಡಿಸಿ ನನ್ನ ಕಣ್ಣು ಸೋತಿದೆ, ಹೊಲಿಗೆಗೂ ಸ್ವಲ್ಪ ಉಳಿಯಬೇಕು. ನಾಳೆ ಸಂಜೆ ಐದೂವರೆಗೆ ನಿನ್ನ ಬಾಲ್ಕನಿಗೆ ಬಾ. ಬಿಸಿಲು ನೇರ ನಿನ್ನ ಮುಖದ ಮೇಲೆ ಬೀಳುವ ಹೊತ್ತು ಅದು. ಅಂಗಳ ಎಷ್ಟು ಅಗಲವಿದ್ದರೂ ತುಟಿ ಸ್ಪಷ್ಟವಾಗಿ ಕಾಣುತ್ತದೆ. ಆ ಹೊತ್ತಿಗೆ ನೀನು ಕುಂಡಗಳಿಗೆ ನೀರು ಹಾಕುತ್ತಾ ಒಬ್ಬಳೇ ಮಾತಾಡಿಕೊಳ್ಳುತ್ತಿರುತ್ತೀಯ. ಮಂಡಿ ನೋವು, ಬೆಳ್ಳುಳ್ಳಿ ಮುಗಿದಿದ್ದು, "ಅಕ್ಕ ಇವತ್ತು ಊಟ ಮಾಡಿದಳೋ ಇಲ್ಲವೋ" ಅನ್ನುವುದು.

ಎಂಟು ವರ್ಷದಿಂದ ಪರದೆಯ ಹಿಂದೆ ನಿಂತು ಓದುತ್ತಿದ್ದೇನೆ. ಒಂದಕ್ಕೂ ಉತ್ತರ ಕೊಟ್ಟಿಲ್ಲ. ನಾಳೆಯಿಂದ ಕೊಡುತ್ತೇನೆ.

ಸಿಡುಕಕ್ಕ
(ಗಿರಣಿಯಲ್ಲಿ ನೀನೇ ಇಟ್ಟ ಹೆಸರು. ಎಲ್ಲಿ ಮರೆತಿದ್ದೀಯೋ ಅಂತ ಬರೆದೆ.)